ಅಕ್ಕನಿಗೆ ಬರೆಸಿಕೊಟ್ಟ ಕಾಗದ

ಆ ಕಾಗದದಲ್ಲಿದ್ದ ಸಾಲುಗಳೆಲ್ಲ ಬಾಂಡ್ ರೈಟರನವು. ಒಂದು ಸಾಲು ಮಾತ್ರ ನನ್ನದು, ನಾನೇ ಹೇಳಿ ಸೇರಿಸಿದ್ದು. ಅಕ್ಕ ತೀರಿಕೊಂಡು ಈಗ ಎರಡು ತಿಂಗಳಾಯಿತು. ಅವಳಿಗಾಗಿ ಅಳುವುದು ಸ್ವಲ್ಪ ಕಡಿಮೆಯಾಗಿದೆ. ಆ ಸಾಲಿನ ನಾಚಿಕೆ ಕಡಿಮೆಯಾಗಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಆರು ವರ್ಷದ ಹಿಂದಿನ ಮಾತು. ಆಗ ನಾವು ಬೀಳಗಿಯಲ್ಲಿದ್ದೆವು. ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ನನ್ನ ಹೆಂಡತಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಮಿರಜಿನಲ್ಲಿ ತಿಂಗಳುಗಟ್ಟಲೆ ಇದ್ದು ಉಪಚಾರ ಮಾಡಿಸಬೇಕು ಎಂದರು. ನಮಗೆ ಒಬ್ಬಳೇ ಮಗಳು, ನಾಲ್ಕನೇ ಇಯತ್ತೆ ಓದುತ್ತಿದ್ದಳು. ಅವಳನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಬನಹಟ್ಟಿಯಲ್ಲಿ ಅಕ್ಕ ಇದ್ದಳು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಮಗ್ಗದ ಕೆಲಸದಲ್ಲಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳಿಗೆ ಮಕ್ಕಳಾಗಲಿಲ್ಲ. ಅವಳ ಗಂಡ, ನಮ್ಮ ಮಾವನವು ಎರಡು ಪವರ್‌ಲೂಮ್. ಅಕ್ಕ ದಿನವಿಡೀ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ ಕೂಡುತ್ತಿದ್ದಳು. ಫೋನ್ ಮಾಡಿದರೆ ಆ ಮಗ್ಗದ ಸಪ್ಪಳದ ನಡುವೆ ಕೂಗಿ ಹೇಳಿದಳು. “ಕರಕೊಂಡ ಬಾ. ಕೇಳೂದೇನೈತಿ ಅದರಾಗ? ನೀ ಆಕಿದಷ್ಟ ನೋಡ್ಕೋ, ಕೂಸಿಂದು ನನಗ ಬಿಡು.”

ಬನಹಟ್ಟಿಯ ಶಾಲೆಯ ಹೆಡ್‌ಮಾಸ್ತರು ಮಾತ್ರ ಒಂದು ತಕರಾರು ತೆಗೆದರು. “ತಾಯಿ ತಂದಿ ಇಬ್ರೂ ಊರಾಗ ಇರಂಗಿಲ್ಲಂದ್ರ ಸಹಿ ಮಾಡವರು ಯಾರ್ರಿ? ನಾಳೆ ಹುಡುಗಿಗಿ ಜ್ವರಾ ಬಂತು, ದವಾಖಾನಿಗಿ ಒಯ್ಯೂದಾತು, ಯಾರನ ಕೇಳೂನ್ರಿ? ನಿಮ್ಮ ಅಕ್ಕಾರ ಹೆಸರಿಲೆ ಒಂದ ವಟಮುಖತ್ಯಾರ ಪತ್ರ ಮಾಡಿಸಿಬಿಡ್ರಿ.” ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಮಾಡಲಿ ಎಂದು ಹೊಲ ಮನೆಗಳಿಗೆ ಬರೆಸುವ ಕಾಗದ ಅದು. ಮಗಳಿಗೂ ಬರೆಸಬಹುದು ಎಂದು ನನಗೆ ಆವತ್ತೇ ಗೊತ್ತಾದದ್ದು.

ಹಾಗಾಗಿ ಜಮಖಂಡಿಗೆ ಹೋದೆವು. ತಾಲೂಕು ಕಚೇರಿಯ ಎದುರಿಗೆ ತಗಡಿನ ಕೆಳಗೆ, ಸ್ಟಾಂಪ್ ಪೇಪರಿನ ಮೇಲೆ ಪತ್ರ ಬರೆದುಕೊಡುವ ಒಬ್ಬ ಬಾಂಡ್ ರೈಟರ್ ಕೂಡುತ್ತಿದ್ದ. ನಾನು ಮತ್ತು ಮಗಳು ಮೊದಲು ಅಲ್ಲಿಗೆ ಮುಟ್ಟಿದೆವು. ಅಕ್ಕ ಬನಹಟ್ಟಿಯಿಂದ ಬರುವುದು ಇನ್ನೂ ತಡವಿತ್ತು. ಅವನು ಬರೆದ ಕರಡನ್ನು ಓದಿ ತೋರಿಸಿದ. ಆರು ತಿಂಗಳ ಮಟ್ಟಿಗೆ ಶಾಲೆ, ದವಾಖಾನೆ, ಎಲ್ಲ ಕಡೆ ಅಕ್ಕನ ಸಹಿ ನಡೆಯತಕ್ಕದ್ದು ಎಂದಿತ್ತು. ಅಷ್ಟೇ ಸಾಕಿತ್ತು. ನಾನು ಅವನ ಕಿವಿಯ ಹತ್ತಿರ ಬಗ್ಗಿ, “ಇನ್ನೊಂದ ಸಾಲ ಹಾಕ್ರಿ” ಎಂದೆ.

ಅದಕ್ಕೊಂದು ಹಿನ್ನೆಲೆ ಇದೆ. ಹಿನ್ನೆಲೆ ಇದೆ ಎಂದ ಮಾತ್ರಕ್ಕೆ ತಪ್ಪು ಸಣ್ಣದಾಗುವುದಿಲ್ಲ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ ಎಲ್ಲರ ಎದುರಿಗೆ, “ಇದನ್ನ ಅಕ್ಕಗ ಕೊಟ್ಟಬಿಡೋ, ನಿನಗ ಇನ್ನೊಂದ ಆಕ್ಕೈತಿ” ಎಂದಿದ್ದಳು. ಹೆಂಗಸರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಕೂಸಿನ ಕಡೆ ನೋಡುತ್ತ ನಿಂತಳು. ನಮಗೆ ಇನ್ನೊಂದು ಆಗಲಿಲ್ಲ. ಅಕ್ಕನ ಆ ನೋಟ ಒಂಬತ್ತು ವರ್ಷ ನನ್ನೊಳಗೆ ಮುಳ್ಳಿನಂತೆ ಕೂತಿತ್ತು. ಈಗ ಹೆಂಡತಿ ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳು ಹೋದರೆ ಮಗಳೂ ಬನಹಟ್ಟಿಯಲ್ಲೇ ಉಳಿದುಬಿಡುತ್ತಾಳೆ ಎಂದು ನನ್ನ ಅಂಜಿಕೆ.

ಅಕ್ಕ ಬಂದಳು. ಕೈಯಲ್ಲೊಂದು ಚೀಲ. ಬಂದವಳೇ ಮಗಳ ಕೆನ್ನೆ ಹಿಂಡಿ, ಚೀಲದಿಂದ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ, ಪೊಟ್ಟಣ ಕಟ್ಟಿದ ಅಕ್ಕಿ ತೆಗೆದು ಕಟ್ಟೆಯ ಮೇಲಿಟ್ಟಳು.

“ಕೂಸನ್ನ ನನ್ನ ಉಡಿಯಾಗ ಕೂಡ್ರಸೋ ತಮ್ಮಾ. ಆಮ್ಯಾಲ ನಿಮ್ಮ ಸಹಿ ಪಹಿ ಮಾಡೂನು.”

ನಮ್ಮಲ್ಲಿ ಮಗುವನ್ನು ಬಹಳ ದಿನ ಬೇರೆ ಮನೆಯಲ್ಲಿ ಬಿಡುವಾಗ ಆ ಮನೆಯ ಹೆಂಗಸಿಗೆ ಕಾಯಿ, ಖಣ, ಅಕ್ಕಿಯಿಂದ ಉಡಿ ತುಂಬಿ, ಆ ಮಡಿಲಲ್ಲಿ ಕೂಡಿಸಿ ಒಪ್ಪಿಸುತ್ತಾರೆ. ದತ್ತಕ ಕೊಡುವಾಗಲೂ ಹಾಗೇ ಕೂಡಿಸುತ್ತಾರೆ. ಎರಡಕ್ಕೂ ಒಂದೇ ಪದ್ಧತಿ. ನನಗೆ ಎರಡನೆಯದೇ ನೆನಪಾಯಿತು.

“ಅದೆಲ್ಲಾ ಯಾಕಕ್ಕಾ? ಕಾಗದ ಮಾಡಾಕತ್ತೇವಲ್ಲ” ಎಂದೆ.

“ಕಾಗದ ಸಾಲಿ ಮಾಸ್ತರಗ. ಇದು ನನಗ.”

“ಮಂದಿ ನೋಡಾಕತ್ತಾರ. ಬ್ಯಾಡ ಬಿಡು.”

ಬಾಂಡ್ ರೈಟರ್ ನಕ್ಕು, “ಕೂಡ್ರಸ್ರಿ ಸಾಹೇಬ್ರ, ಅದಕ್ಕೇನ ಸ್ಟಾಂಪ್ ಹತ್ತಂಗಿಲ್ಲ” ಎಂದ. ನಾನು ಮಗಳ ಕೈ ಬಿಡಲಿಲ್ಲ. ಅಕ್ಕ ಕಾಯಿ, ಖಣ, ಅಕ್ಕಿ ಮೂರನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿದಳು. “ಆತು. ಕಾಯಿ ಚಟ್ನಿಗಿ ಆಕ್ಕೈತಿ” ಎಂದಳು.

ಸಹಿಗೆ ಮೊದಲು ಬಾಂಡ್ ರೈಟರ್ ಪದ್ಧತಿಯಂತೆ ಎಲ್ಲವನ್ನೂ ಗಟ್ಟಿಯಾಗಿ ಓದಿದ. ಕೊನೆಗೆ ನನ್ನ ಸಾಲು ಬಂತು. ‘ಈ ಪತ್ರದಿಂದ ಸದರಿ ಕನ್ಯೆಯನ್ನು ದತ್ತಕ ಕೊಟ್ಟಂತೆ ಆಗುವುದಿಲ್ಲ; ಬರೆಸಿಕೊಂಡವರಿಗೆ ಆಕೆಯ ಮೇಲೆ ತಾಯಿಯ ಹಕ್ಕು ಯಾವ ಕಾಲಕ್ಕೂ ಬರುವುದಿಲ್ಲ.’ ಓದುವಾಗ ಅವನ ದನಿ ತಾನಾಗಿ ಇಳಿಯಿತು. “ತಿಳೀತಿಲ್ರೀ ಯಕ್ಕಾರ?” ಎಂದು ಕೇಳಿದ.

“ನನಗ ಓದಾಕಷ್ಟ ಬರೂದಿಲ್ರೀ. ಕೇಳಾಕ ಬರ್ತೈತಿ” ಎಂದು ಅಕ್ಕ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ನಾನು ಮಿರಜಿನಲ್ಲಿ ದಿನ ಎಣಿಸುವುದನ್ನೇ ಮರೆತೆ. ಮಗಳು ಬನಹಟ್ಟಿಯಲ್ಲಿ ಚೆನ್ನಾಗಿದ್ದಳು. ಕಂಡಿಕೆ ಸುತ್ತಲು ಕಲಿತಿದ್ದಾಳೆ ಎಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಓಣಿಯವರು, “ಸ್ವಂತ ಸೋದರತ್ತಿಗಿ ಎಂಥಾ ಕಾಗದ ಬೇ?” ಎಂದು ಅವಳನ್ನು ಚೇಷ್ಟೆ ಮಾಡುತ್ತಿದ್ದರಂತೆ. ಅಕ್ಕ ಮಾತ್ರ ಶಾಲೆಗೆ ಹೋದರೂ, ಕೆಮ್ಮಿಗೆ ಔಷಧ ತರಲು ಹೋದರೂ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯುತ್ತಿದ್ದಳಂತೆ. ಯಾರೂ ಕೇಳದಿದ್ದರೂ ಮೊದಲು ಅದನ್ನೇ ತೋರಿಸುತ್ತಿದ್ದಳಂತೆ. ಮಾವ ಇದನ್ನು ನಗುತ್ತ ಹೇಳಿದಾಗ ನಾನೂ ನಕ್ಕಿದ್ದೆ.

ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಂಡತಿಗೆ ಗಂಜಿ ಕುಡಿಸುತ್ತಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಮಗಳು, ಎಣ್ಣೆ ಹಚ್ಚಿ ಹಾಕಿದ ಎರಡು ಜಡೆ. ಕಾಲ ಬಳಿ ಅವಳ ಬಟ್ಟೆಯ ಗಂಟು, ಪುಸ್ತಕದ ಚೀಲ.

“ಏನಕ್ಕಾ, ಹೇಳದ ಕೇಳದ ಬಂದಿ? ಏನಾತು?”

“ಇವತ್ತಿಗಿ ಆರ ತಿಂಗಳ ಮುಗದಾವಲ್ಲೋ. ತಂದ ಒಪ್ಪಿಸಾಕ ಬಂದೀನಿ.”

ನಾನು ನಕ್ಕುಬಿಟ್ಟೆ. “ಹುಚ್ಚಿ ಅದಿ ನೋಡಕ್ಕಾ. ತಾರೀಖ ಯಾರ ನೋಡ್ತಾರ?”

“ನೋಡವ್ರ ಇಲ್ಲಂದಮ್ಯಾಲ ಯಾಕ ಬರಿಸ್ದಿ?” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ತಿಳಿಯದೆ ಕೇಳುವವರ ಹಾಗೆ ಕೇಳಿದಳು. “ಒಂದಿನ ಹೆಚ್ಚಿಗಿ ಇದ್ರ ನಾ ಇಟ್ಕೊಂಡಂಗ ಆಕ್ಕೈತಿ. ಆ ಮಾತು ನನಗ ಬ್ಯಾಡೋ ತಮ್ಮಾ.”

ಎರಡು ಬಸ್ಸು ಬದಲಿಸಿ ಬಂದಿದ್ದಳು. ಬೆವರಿನಿಂದ ಕುಪ್ಪಸ ಒದ್ದೆಯಾಗಿತ್ತು. ಹೆಂಡತಿಗೆ ಜಮಖಂಡಿಯಲ್ಲಿ ನಡೆದದ್ದನ್ನು ನಾನು ಹೇಳಿರಲಿಲ್ಲ, ಮಗಳು ಫೋನಿನಲ್ಲಿ ಹೇಳಿದ್ದಳು. ಹೆಂಡತಿ ಮಲಗಿದಲ್ಲಿಂದಲೇ, “ಈಗರ ಕೂಸನ್ನ ಯಕ್ಕಾರ ಉಡಿಯಾಗ ಕೂಡ್ರಸ್ರಿ” ಎಂದಳು.

ನಾನು ಏಳಲಿಲ್ಲ. ಅಕ್ಕ ಒಂದು ಗಳಿಗೆ ಕಾದಳು. ಕಾದಳು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಆಮೇಲೆ ಅವಳೇ, “ಬ್ಯಾಡವ್ವಾ, ದವಾಖಾನ್ಯಾಗ ಅದನ್ನೆಲ್ಲಾ ಮಾಡಬಾರ್ದು” ಎಂದು ನನ್ನನ್ನು ಪಾರು ಮಾಡಿದಳು.

ಮರುದಿನ ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ಮತ್ತೆ ಜಮಖಂಡಿಗೆ ಬಂದೆ, ಇನ್ನೂ ನಾಲ್ಕು ತಿಂಗಳಿಗೆ ಬರೆಸಲು. ಅದೇ ಬಾಂಡ್ ರೈಟರ್. “ಹಳೇದನ್ನ ನೋಡಿ ಹಂಗ ಬರೀಲೇನ್ರಿ? ತಾರೀಖ ಅಷ್ಟ ಬದಲಿ ಮಾಡ್ಲಿ?” ಎಂದ. ಅಕ್ಕ ಆಚೆ ಮಗಳಿಗೆ ನೀರು ಕುಡಿಸುತ್ತಿದ್ದಳು. ಆ ಒಂದು ಸಾಲು ತೆಗೆಯಿರಿ ಎಂದರೆ ಸಾಕಿತ್ತು. ನಾನು “ಹೂಂ, ಹಂಗ ಬರೀರಿ” ಎಂದೆ. ಮೊದಲ ಸಲ ಅಂಜಿಕೆಯಿಂದ ಬರೆಸಿದೆ ಎನ್ನಬಹುದು. ಎರಡನೆಯ ಸಲಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಈ ಸಲ ಅಕ್ಕ ಚೀಲ ತಂದಿರಲಿಲ್ಲ.

ಹೆಂಡತಿ ಉಳಿದಳು. ನಾಲ್ಕು ತಿಂಗಳು ತುಂಬುವ ಮೊದಲೇ ಮಗಳನ್ನು ಕರೆತಂದೆವು. ಆಮೇಲೆ ಶಾಲೆಯ ಪ್ರತಿ ಸೂಟಿಗೆ ಮಗಳು ಬನಹಟ್ಟಿಗೆ ಹೋದಳು, ಕಾಗದ ಇಲ್ಲದೆಯೇ. ಅಕ್ಕ ಎಂದೂ ಆ ಮಾತು ಎತ್ತಲಿಲ್ಲ. ಅವಳು ಎತ್ತಲಿಲ್ಲ ಎಂದು ನಾನೂ ಸುಮ್ಮನಿದ್ದೆ. ಒಂದು ದಿನ ಹೇಳಿದರಾಯಿತು ಅಂದುಕೊಂಡಿದ್ದೆ. ಎರಡು ತಿಂಗಳ ಹಿಂದೆ, ಕಂಡಿಕೆ ಸುತ್ತುತ್ತಿದ್ದವಳು ಎದೆ ಹಿಡಿದುಕೊಂಡು ರಾಟೆಯ ಮೇಲೆ ಒರಗಿದಳು. ನಾನು ಬನಹಟ್ಟಿ ಮುಟ್ಟುವುದರೊಳಗೆ ಮುಗಿದಿತ್ತು.

ದಿನಕರ್ಮ ಮುಗಿದ ಮೇಲೆ ಮಾವ ಟ್ರಂಕಿನ ಬೀಗದಕೈ ಕೊಟ್ಟು, “ಆಕಿ ಸೀರಿ ನೋಡ್ರಿ, ಯಾರಿಗಿ ಕೊಡೂದೈತಿ ಕೊಡ್ರಿ” ಎಂದರು. ಸೀರೆಗಳ ತಳದಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ಎರಡೂ ಕಾಗದಗಳು. ನಾನು ಬಿಚ್ಚಿ ಹಿಡಿದು ಕೂತಿದ್ದೆ. ಹಿಂದಿನಿಂದ ಮಗಳ ದನಿ ಕೇಳಿತು. ‘ಈ ಪತ್ರದಿಂದ ಸದರಿ ಕನ್ಯೆಯನ್ನು ದತ್ತಕ ಕೊಟ್ಟಂತೆ...’ ಕಾಗದದ ಕಡೆ ನೋಡದೆ, ಪಾಠ ಒಪ್ಪಿಸುವಂತೆ ಕೊನೆಯವರೆಗೂ ಹೇಳಿದಳು. ಅವಳಿಗೀಗ ಹದಿನೈದು.

“ನಿನಗ ಹೆಂಗ ಗೊತ್ತು?”

“ಅತ್ತಿ ದಿನಾ ಸಂಜೀಕ ನನ್ನ ಕಡೆ ಓದಸ್ತಿದ್ಲಲ್ಲ. ತಾರೀಖ ಎಷ್ಟ ಉಳದೈತಿ ನೋಡವ್ವಾ ಅಂತ. ನಾ ಮ್ಯಾಲಿಂದ ತಳಗಿನ ತನಾ ಎಲ್ಲಾ ಓದತಿದ್ನಿ.”

ಒಂಬತ್ತು ವರ್ಷದ ಮಗು, ಅಕ್ಕನ ಪಕ್ಕದಲ್ಲಿ ಕೂತು, ನೀನು ನನಗೆ ಏನೂ ಅಲ್ಲ ಎಂದು ದಿನವೂ ಓದಿ ಹೇಳಿತ್ತು. ಅದನ್ನು ಓದಿಸಿದವನು ನಾನು.

“ಹಿಂಗ್ಯಾಕ ಬರದಾರ ಅತ್ತಿ ಅಂತ ಒಮ್ಮೆ ಕೇಳಿದ್ನೆಪ್ಪಾ. ಬಾಂಡ್ ರೈಟರ ಎಲ್ಲಾರ ಕಾಗದದಾಗೂ ಹಂಗ ಬರೀತಾರವ್ವಾ, ನಿಮ್ಮಪ್ಪಗ ಗೊತ್ತ ಇಲ್ಲ ಅಂದ್ಲು.” ಆಮೇಲೆ ಕೇಳಿದಳು. “ಹೌದೇನಪ್ಪಾ?”

ಹೌದು ಎಂದುಬಿಡಬಹುದಿತ್ತು. ಅಕ್ಕ ನನಗಾಗಿ ಅಷ್ಟು ಜಾಗ ಮಾಡಿಟ್ಟು ಹೋಗಿದ್ದಳು. ಅವಳಿಗೆ ಅನ್ಯಾಯ ಜಮಖಂಡಿಯಲ್ಲಿ ಮಾಡಿದೆ, ಮಿರಜಿನಲ್ಲಿ ಮಾಡಿದೆ, ಮತ್ತೆ ಜಮಖಂಡಿಯಲ್ಲಿ ಮಾಡಿದೆ. ನಾಲ್ಕನೆಯ ಸಲ ಆಗಲಿಲ್ಲ.

“ಇಲ್ಲವ್ವಾ. ನಿಮ್ಮತ್ತಿ ಸುಳ್ಳ ಹೇಳ್ಯಾಳ. ಅದನ್ನ ನಾ ಬರಿಸಿದ್ನಿ.”

ಮಗಳು ನನ್ನ ಮುಖ ನೋಡಿದಳು. ನನ್ನ ಕೈಯಿಂದ ಕಾಗದಗಳನ್ನು ತೆಗೆದುಕೊಂಡು, ಮೊದಲಿನ ಮಡಿಕೆಯಲ್ಲೇ ಮಡಚಿ, ಕವರಿಗೆ ಹಾಕಿ, ಅಕ್ಕನ ಒಂದು ಸೀರೆಯ ಜೊತೆ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಅವು ಈಗಲೂ ಅವಳ ಹತ್ತಿರವೇ ಇವೆ. ಕೊಡು ಎಂದು ಕೇಳುವ ಧೈರ್ಯ ನನಗಿಲ್ಲ.