ತಂಗಿಯ ಲೆಕ್ಕದ ಮೈನಸ್

ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ನಾನು ಚಂದಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ನೇಮಕಾತಿ ನಾನೇ ಮಾಡಿಕೊಂಡದ್ದು. ಜಿಗಣಿಯ ಕಾರ್ಖಾನೆಯಲ್ಲಿ ಕಬ್ಬಿಣ ಕೊರೆಯುವ ಕಂಪ್ಯೂಟರ್ ಲೇತ್ ಓಡಿಸುವವನಿಗೆ ತಿಳಿಯದ ವಿದ್ಯೆ ಯಾವುದಿದೆ?

ಮೊದಲ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಹತ್ತು ದಿನವಿದ್ದಾಗ ತಂಗಿ ನೋಟ್‌ಬುಕ್ ಹಿಡಿದು ಬಂದಳು. ಮೇಲಕ್ಕೆ ಎಸೆದ ಚೆಂಡಿನ ಲೆಕ್ಕ. ಮೂರು ಸೆಕೆಂಡಾದ ಮೇಲೆ ಅದರ ವೇಗವೆಷ್ಟು?

"ಮೈನಸ್ ಬಂತು ಕಣೋ ಅಣ್ಣ."

"ವೇಗ ಎಲ್ಲಾದ್ರೂ ಮೈನಸ್ ಇರುತ್ತೇನೇ? ನನ್ ಬೈಕ್ ಮೀಟ್ರು ಸೊನ್ನೆಯಿಂದ ಕೆಳಗೆ ಹೋಗಿದ್ದು ನೋಡಿದ್ದೀಯಾ?"

"ಅಷ್ಟೊತ್ತಿಗೆ ಚೆಂಡು ವಾಪಸ್ ಕೆಳಗೆ ಬರ್ತಿರುತ್ತಲ್ಲ, ಅದಕ್ಕೇನೋ..."

"ಬಂದ್ರೆ ಬರ್ಲಿ. ಮೈನಸ್ ಬಂದ್ರೆ ಲೆಕ್ಕ ತಪ್ಪು ಅಂತ. ಅಳಿಸು."

ಅಳಿಸಿದಳು. ರಬ್ಬರಿನ ಪುಡಿಯನ್ನು ಊದುವ ಸೇವೆಯನ್ನೂ ನಾನೇ ಮಾಡಿದೆ.

ಮರುದಿನ ಬೆಳಿಗ್ಗೆ ಲೇತಿನ ಮುಂದೆ ನಿಂತೆ. ಅದರಲ್ಲಿ ಕಬ್ಬಿಣದ ತುಂಡಿನ ಮುಖವೇ ಸೊನ್ನೆ. ಅಲ್ಲಿಂದ ಒಳಕ್ಕೆ ಮೈನಸ್, ಹೊರಕ್ಕೆ ಪ್ಲಸ್. ಆರು ವರ್ಷದಿಂದ ಒತ್ತುತ್ತಿದ್ದಂತೆ ಮೈನಸ್ ನಲವತ್ತು ಒತ್ತಿದೆ. ಟೂಲ್ ನಲವತ್ತು ಮಿಲಿಮೀಟರ್ ಒಳಕ್ಕೆ ಕೊರೆಯುತ್ತ ಹೋಯಿತು. ಆ ಮೈನಸ್ ಗೆರೆ ಬಿಟ್ಟಿದ್ದರೆ ಅದು ಹೊರಕ್ಕೆ ಬಂದು ಗಾಳಿ ಕೊರೆಯುತ್ತಿತ್ತು. ಮೈನಸ್ ಎಂದರೆ ತಪ್ಪಲ್ಲ, ಕಡಿಮೆಯೂ ಅಲ್ಲ, ಯಾವ ಕಡೆಗೆ ಎಂಬ ಸುದ್ದಿ. ಚೆಂಡು ಕೆಳಗೆ ಬರುತ್ತಿದೆ ಎಂದು ತಂಗಿ ಹೇಳಿದ್ದು ಅದನ್ನೇ.

ಸಂಜೆ ಹೇಳಿಬಿಡೋಣ ಎಂದುಕೊಂಡೇ ಮನೆಗೆ ಬಂದೆ. ಅವಳು ಫೋನಿನಲ್ಲಿ ಗೆಳತಿಗೆ, "ನಮ್ಮಣ್ಣ ಹೇಳಿದ ಕಣೇ, ಮೈನಸ್ ಬಂದ್ರೆ ತಪ್ಪಂತೆ. ಅವನಿಗೆಲ್ಲ ಗೊತ್ತು," ಎನ್ನುತ್ತಿದ್ದಳು. ಇಂಥ ಮಾತು ಕೇಳಿದ ಪ್ರಾಧ್ಯಾಪಕ ರಾಜೀನಾಮೆ ಕೊಡುತ್ತಾನೆಯೇ? ಕಾಫಿ ಕುಡಿದು ಸುಮ್ಮನಾದೆ. ಆಮೇಲಿನ ಒಂಬತ್ತು ದಿನವೂ ಸುಮ್ಮನೇ ಇದ್ದೆ. ಆ ಶಿಸ್ತು ಶಾಲೆಯಲ್ಲಿ ಇದ್ದಿದ್ದರೆ ಹತ್ತನೇ ತರಗತಿ ಮುಗಿಯುತ್ತಿತ್ತು.

ಭೌತಶಾಸ್ತ್ರ ಒಂದರಲ್ಲೇ ಫೇಲಾದಳು, ಎರಡು ಅಂಕದಿಂದ. ಉತ್ತರ ಪತ್ರಿಕೆಯ ಫೋಟೋ ಅವಳ ಮೊಬೈಲಿನಲ್ಲಿತ್ತು. ಮೂರು ಕಡೆ ಮೈನಸ್ ಬರೆದು, ಆಮೇಲೆ ಪೆನ್ನಿನಿಂದ ಗೀಚಿ ಹಾಕಿದ್ದಳು. ಮೂರಕ್ಕೂ ಮೇಷ್ಟರು ಕೆಂಪು ಸುತ್ತು ಹಾಕಿದ್ದರು.

ಅದನ್ನು ನೋಡಿದ ಮೇಲೆ ಲೇತಿನ ವಿಷಯ ಬಾಯಿಬಿಟ್ಟೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮಾರನೇ ದಿನವೇ."

ತಂಗಿ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಮಿಷನ್‌ಗೆ ಮಾತ್ರ ಸರಿಯಾಗಿ ಹೇಳ್ಕೊಟ್ಟಿದ್ದೀಯ, ಬಿಡು," ಎಂದಳು.

ಮರುಪರೀಕ್ಷೆಗೆ ಒಬ್ಬಳೇ ಓದಿದಳು. ಪಾಸಾದಳು. ನನ್ನನ್ನು ಒಂದು ಲೆಕ್ಕವನ್ನೂ ಕೇಳಲಿಲ್ಲ.