ಹಡಗಿನ ಮೇಲಂತಸ್ತಿನ ಕೋಣೆಯನ್ನು ಆರಿಸಿದ ವಿಚಾರವಾಗಿ

ನನ್ನ ತಾಯಿಯವರನ್ನು ಹಡಗಿನ ಮೇಲಂತಸ್ತಿನ ವಿಶೇಷ ಕೋಣೆಯಲ್ಲಿ ಕರೆದೊಯ್ಯುವ ತೀರ್ಮಾನವನ್ನು ಯಾವ ಕಾರಣಗಳಿಂದ ಕೈಗೊಳ್ಳಲಾಯಿತು, ಅದರಿಂದ ಏನಾಯಿತು ಎಂಬುದನ್ನು ನೆನಪಿರುವ ಮಟ್ಟಿಗೆ ಈ ಮೂಲಕ ನಿವೇದಿಸಿಕೊಳ್ಳುತ್ತೇನೆ. ತೀರ್ಮಾನ ಕೈಗೊಂಡವನು ನಾನೇ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಸೂಕ್ತ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಲೋಪವಿದ್ದಲ್ಲಿ ಮನ್ನಿಸಬೇಕು.

ಎಂಬತ್ತರ ದಶಕದ ಆರಂಭದಲ್ಲಿ ನಾನು ತುರುವೇಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ದಬ್ಬೇಘಟ್ಟದ ಕಡೆಗಿದ್ದ ನಮ್ಮ ತೆಂಗಿನ ತೋಟವನ್ನು ತಂದೆಯವರ ಕಾಲಾನಂತರ ತಾಯಿಯವರೇ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಕಾಯಿಯನ್ನು ಒಡೆಯದೆ ಇಡಿಯಾಗಿ ಅಟ್ಟದ ಮೇಲೆ ಹರಡಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡ ಮೇಲೆಯೇ ಸುಲಿದು ಒಡೆಯುವುದು. ಈ ಕೆಲಸದಲ್ಲಿ ತಾಯಿಯವರಿಗೆ ಸರಿಸಮಾನರು ನಮ್ಮ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ನಮ್ಮ ಭಾಗದ ಬೆಳೆಗಾರರ ತಂಡವೊಂದು ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿ ಅಲ್ಲಿನ ತೆಂಗಿನ ಬೇಸಾಯ ನೋಡಿಬರುವ ಏರ್ಪಾಡಾಯಿತು. ದ್ವೀಪದವರು ಕಾಯಿಯನ್ನು ಹೋಳು ಮಾಡಿ ಬಿಸಿಲಿಗಿಟ್ಟು ವಾರದೊಳಗೆ ಕೊಬ್ಬರಿ ಮಾಡುತ್ತಾರೆಂಬ ಸುದ್ದಿಯೂ ಬಂದಿತು.

"ವಾರಕ್ಕೇ ಕೊಬ್ರಿಯಾ? ಸುಳ್ಳು ಕಣ್ಲಾ," ಎಂದರು ತಾಯಿ. ಎರಡು ದಿನ ಕಳೆದು, "ನಾನೂ ಬತ್ತೀನಿ. ಕಣ್ಣಾರೆ ನೋಡ್ಬೇಕು. ಒಂದು ಹೋಳು ಬಾಯಿಗೆ ಹಾಕ್ಕಂಡು ನೋಡ್ಬೇಕು," ಎಂದರು.

ಅವರು ತಮಗಾಗಿ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆದಕಾರಣ ಈ ಪ್ರಯಾಣದಲ್ಲಿ ಅವರಿಗೆ ಯಾವುದೇ ಕೊರತೆಯಾಗಬಾರದೆಂದು ನಿಶ್ಚಯಿಸಿದೆ.

ಹಡಗಿನ ಕಚೇರಿಯಿಂದ ಬಂದ ನಮೂನೆಯಲ್ಲಿ ಎರಡು ಬಗೆಯ ಸ್ಥಳಗಳಿದ್ದವು. ಕೆಳಗೆ, ಹಡಗಿನ ನಡುಭಾಗದಲ್ಲಿ, ಸಾಲು ಮಂಚಗಳ ದೊಡ್ಡ ಹಜಾರ. ತುದಿಯ ಅಂತಸ್ತಿನಲ್ಲಿ ಇಬ್ಬರಿಗೆ ಮಾತ್ರ ಮೀಸಲಾದ ವಿಶೇಷ ಕೋಣೆ: ಸೋಫಾ, ಸ್ನಾನದ ಮನೆ, ಸಮುದ್ರಕ್ಕೆ ತೆರೆದ ದೊಡ್ಡ ಗಾಜು. ದರ ಹಲವು ಪಟ್ಟು ಹೆಚ್ಚು. ತಂಡದವರೆಲ್ಲರೂ ಹಜಾರಕ್ಕೇ ಹೆಸರು ಕೊಟ್ಟಿದ್ದರು. ತಾಯಿಯವರಿಗೆ ಥಂಡಿಯಾದರೆ ಉಬ್ಬಸ ಬರುತ್ತಿದ್ದ ಕಾರಣ ನಾನು ನಮೂನೆಯನ್ನು ಜೇಬಿನಲ್ಲಿಟ್ಟುಕೊಂಡು ಕಂಡಕಂಡವರ ಅಭಿಪ್ರಾಯ ಕೇಳಿದೆ. ಅವರಲ್ಲಿ ಒಬ್ಬರೂ ಸಮುದ್ರವನ್ನು ಕಂಡವರಲ್ಲ.

ಪಕ್ಕದ ತೋಟದ ಹಿರಿಯರು, ತಂಡದಲ್ಲಿದ್ದವರು, ನಮ್ಮ ಜಗಲಿಯಲ್ಲಿ ಕುಳಿತು ಪ್ರಕರಣವನ್ನು ಇತ್ಯರ್ಥಪಡಿಸಿದರು.

"ಇದ್ರಲ್ಲಿ ಕೇಳೋದೇನೈತಪ್ಪಾ? ಕಾಯಿ ನೆಲದ್ ಮೇಲೆ ಬುಟ್ರೆ ಏನಾಯ್ತದೆ? ಮುಗ್ಗು ಹಿಡೀತದೆ, ಇಲ್ಲ ಮೊಳಕೆ ಒಡೀತದೆ. ಅಟ್ಟಕ್ಕೆ ಹಾಕಿದ್ರೆ ವರ್ಷ ಆದ್ರೂ ಏನೂ ಆಗಲ್ಲ. ನಾವು ನೆಲದಲ್ಲೇ ಬಿದ್ದಿರ್ತೀವಿ, ನಿಮ್ಮವ್ವನ್ನ ಅಟ್ಟಕ್ಕೆ ಹಾಕು."

"ನಾನೇನು ಕಾಯಾ?" ಎಂದರು ತಾಯಿ.

"ಅಕ್ಕ, ನೀನು ಕೊಬ್ರಿ ಆಗೇ ಇಪ್ಪತ್ತೊರ್ಷ ಆಯ್ತು ಬುಡು."

ತಾಯಿಯವರು ನಕ್ಕರಾದರೂ ಆಮೇಲೆ ನನ್ನ ಕಡೆ ತಿರುಗಿ, "ಒಬ್ಳೇ ಮೇಲೆ ಕೂತು ಯಾರ ಜೊತೆ ಮಾತಾಡ್ಲಿ? ಎಲ್ಲಾರ ಜೊತೇಲೇ ಇರ್ತೀನಿ ಕಣ್ಲಾ," ಎಂದರು. ಸದರಿ ಮಾತನ್ನು ನಾನು ಸಂಕೋಚವೆಂದು ಭಾವಿಸಿದೆ. ಅಟ್ಟದ ವಾದ ನನಗೆ ಸಮಂಜಸವಾಗಿ ತೋರಿತ್ತು. ಮೇಲಿನ ಕೋಣೆಯೆಂದು ಬರೆದು ಸಹಿ ಮಾಡಿ ಕಳುಹಿಸಿದೆ.

ಹಡಗು ಮಧ್ಯಾಹ್ನ ಹೊರಟಿತು. ತಾಯಿಯವರು ಸೋಫಾ ಒತ್ತಿ ನೋಡಿದರು, ಮಂಚದ ಬಿಳಿ ಬಟ್ಟೆ ಕೊಳೆಯಾದೀತೆಂದು ತಮ್ಮ ಸೀರೆಯೊಂದನ್ನು ಅದರ ಮೇಲೆ ಹಾಸಿದರು. ಬಂದರು ದಾಟಿ ಅರ್ಧ ಗಂಟೆಯಾಗಿರಬಹುದು, ಗಾಜಿನಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು ಕಾಣತೊಡಗಿತು.

"ಇದೇನ್ಲಾ, ಗೋಡೆ ನನ್ ಮೇಲೆ ಬತ್ತೈತೆ!"

ಅನಂತರ ಅವರು ತಲೆ ಎತ್ತಲಿಲ್ಲ. ಕುಡಿದ ನೀರೂ ನಿಲ್ಲಲಿಲ್ಲ. ನಾನು ಗೋಡೆ ಹಿಡಿದುಕೊಂಡು ಕೆಳಗಿನ ಹಜಾರಕ್ಕೆ ಇಳಿದಾಗ ತಂಡದವರು ಮಂಚಗಳ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಚಕ್ಕುಲಿ ತಿನ್ನುತ್ತಾ ಹರಟುತ್ತಿದ್ದರು. ಅಲ್ಲಿ ನೆಲ ಇಷ್ಟೇ ಇಷ್ಟು ತೂಗುತ್ತಿತ್ತು.

ಕೂಡಲೇ ಸ್ಥಳ ಬದಲಾವಣೆ ಕೋರಿ ನನಗೆ ಬರುವ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಹಡಗಿನ ಅಧಿಕಾರಿಗೆ ಸಲ್ಲಿಸಿದೆ. ಅವರು ಪೂರ್ತಿ ಓದಿದರು. ಮೇಜಿನ ಮೇಲಿದ್ದ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಬುಡ ಕದಲಲಿಲ್ಲ, ತುದಿ ಅತ್ತಿಂದಿತ್ತ ಬೀಸಾಡಿತು. ಕೆಳಗೆ ಸ್ಥಳವಿಲ್ಲವೆಂದು ಹೇಳಿ ಅರ್ಜಿಯನ್ನು ಮರಳಿಸಿದರು.

ಪಕ್ಕದ ತೋಟದ ಹಿರಿಯರು ತಮ್ಮ ಮಂಚವನ್ನೇ ಬಿಟ್ಟುಕೊಡಲು ಮೇಲೆ ಬಂದರು. "ತಪ್ಪಾಯ್ತು ಕಣಕ್ಕ, ನನ್ ಮಾತು ಕೇಳಿ ಹಿಂಗಾಯ್ತು. ಏಳು, ನಮ್ ಜಾಗಕ್ಕೆ ಹೋಗನ." ಇಬ್ಬರೂ ಸೇರಿ ಎತ್ತಿದೆವು. ಕಡಿದಾದ ಕಬ್ಬಿಣದ ಮೆಟ್ಟಿಲಿನ ಬಾಯಿಗೆ ಬರುವಷ್ಟರಲ್ಲಿ ತಾಯಿಯವರ ಕಾಲು ಕುಸಿಯಿತು. ಪುನಃ ಕೋಣೆಗೇ ಕರೆತಂದು ಮಲಗಿಸಿದೆವು.

ಮರುದಿನ ಬೆಳಿಗ್ಗೆ ಯಂತ್ರದ ಸದ್ದು ನಿಂತಿತು. ದ್ವೀಪದ ಬಳಿ ನೀರು ಆಳವಿಲ್ಲದ ಕಾರಣ ಹಡಗು ದೂರದಲ್ಲೇ ನಿಂತು, ಜನರು ಪಕ್ಕದ ಏಣಿಯಿಂದ ಸಣ್ಣ ದೋಣಿಗೆ ಇಳಿದು ಹೋಗಿ, ಸಂಜೆಯೊಳಗೆ ಹಡಗಿಗೆ ಮರಳಬೇಕಾಗಿತ್ತು. ತಾಯಿಯವರು ಹೇಗೋ ಎದ್ದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಸೋಫಾದ ಅಂಚನ್ನು ಹಿಡಿದು ಕುಳಿತಿದ್ದರು. ಅಧಿಕಾರಿ ಬಾಗಿಲಲ್ಲಿ ನಿಂತು ಅವರನ್ನು ಒಮ್ಮೆ ನೋಡಿ, ಏಣಿ ಇಳಿಸಲಾಗದೆಂದು ತಲೆಯಾಡಿಸಿದರು. ನಾನು ಕೈ ಮುಗಿದೆ. ಅವರು ಮತ್ತೆ ತಲೆಯಾಡಿಸಿದರು.

"ನೀನಾರ ಹೋಗು," ಎಂದರು ತಾಯಿ. "ಬರೀ ನೋಡೋದಲ್ಲ, ಸರಿಯಾಗಿ ಕೇಳ್ಕಂಡ್ ಬಾ."

ಹೋದೆ. ಮರಳಿನ ಮೇಲೆ ಚಾಪೆ ಹಾಸಿ ಹೋಳುಗಳನ್ನು ಒಣಹಾಕಿದ್ದರು. ಸ್ಥಳೀಯರೊಬ್ಬರು ವಿವರಿಸುತ್ತಾ ಹೋದದ್ದನ್ನು ನಾನು ತಲೆ ಬಗ್ಗಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆ. ಏಳು ಪುಟವಾಯಿತು. ಕೇಳಿಕೊಂಡು ಒಂದು ಹೋಳನ್ನು ಕಾಗದದಲ್ಲಿ ಸುತ್ತಿ ತಂದೆ.

ತಾಯಿಯವರು ಅದನ್ನು ಬೆರಳಿನಿಂದ ಒತ್ತಿ, ಮೂಸಿ, ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕೂಡಲೇ ಓಕರಿಸಿ ಉಗಿದರು.

"ಬಾಯಿ ಸತ್ತೋಗೈತೆ. ಏನೂ ಗೊತ್ತಾಗಲ್ಲ." ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟರು. "ಹೋಗ್ಲಿ, ನೀನು ಹೇಳು. ಸಂಜೆ ಮಂಜು ಬೀಳ್ತದಲ್ಲ, ಆವಾಗ ಹೋಳು ಹಂಗೇ ಬುಡ್ತಾರೋ, ಒಳಗೆ ತತ್ತಾರೋ?"

ಪುಸ್ತಕ ತೆರೆದು ನೋಡಿದೆ. ಅದರ ಬಗ್ಗೆ ಏನೂ ಇರಲಿಲ್ಲ.

"ಮೊದಲ್ನೇ ದಿನ ಬಾಯಿ ಮೇಲ್ಮಾಡಿ ಇಕ್ತಾರೋ, ಬೋರಲು ಹಾಕ್ತಾರೋ? ಅದೊಂದು ಹೇಳು ಸಾಕು."

ನಾನು ಆ ಹೋಳುಗಳ ಪಕ್ಕದಲ್ಲಿಯೇ ನಿಂತಿದ್ದೆ. ಪುಟಗಳನ್ನು ಮುಂದಕ್ಕೂ ಹಿಂದಕ್ಕೂ ತಿರುವಿದೆ. ಗಾಜಿನ ಕಡೆ ನೋಡಿದೆನಾದರೂ ನಮ್ಮ ಕೋಣೆ ದ್ವೀಪಕ್ಕೆ ಬೆನ್ನು ಮಾಡಿತ್ತು. ತಾಯಿಯವರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಾಗ ಕೆಳಗೆ ಯಂತ್ರ ಶುರುವಾಯಿತು.