ದವಡೆಗೆ ಮೂರು ದಿನದ ಟ್ರಯಲ್

"ಅಣ್ಣಾ, ನಿಮ್ಮ ಗದ್ದ ಮುಂದಕ್ಕೆ ಬರ್ತಾ ಇದೆ. ನೋಡ್ಕೊಂಡ್ರಾ?"

ಎರಡು ವಾರದ ಹಿಂದೆ ಸೋಮವಾರ ಬೆಳಿಗ್ಗೆ, ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿನಲ್ಲಿ, ಲೇತ್ ಮಿಷಿನ್ನಿನ ಹಿಂದಿನಿಂದ ತಲೆಯೆತ್ತಿ ಹೀಗೆ ಕೇಳಿದವನು ಮುನಿರಾಜು. ಹನ್ನೊಂದು ವರ್ಷದಿಂದ ನನ್ನ ಜೊತೆ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್. ಬೆಲ್ಟ್ ಸಡಿಲವಾಗಿದೆ ಅನ್ನುವ ದನಿಯಲ್ಲೇ ಅಂದ. ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಣ್ಣು ಅವನದು. ಆ ಕಣ್ಣನ್ನು ನಂಬಿಯೇ ನನ್ನ ವರ್ಕ್‌ಶಾಪು ನಡೆಯುತ್ತಿರುವುದು.

ಮೂವತ್ತೇಳನೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಕತೆಯನ್ನು ಇದೇ ಅಂಕಣದಲ್ಲಿ ಬರೆದಿದ್ದೆ. ಆಗ ನೀವೆಲ್ಲ ಚೆನ್ನಾಗಿ ನಕ್ಕು ಕಾಗದ ಬರೆದಿರಿ. (ವಿಜಯನಗರದ ಓದುಗರೊಬ್ಬರು "ಅದು ಮದುವೆಗೆ ಬಂದ ಹುಡುಗಿಯರು ಹಾಕಿಸಿಕೊಳ್ಳುವಂಥದ್ದು, ನಿಮಗೇಕೆ ಸ್ವಾಮಿ?" ಎಂದು ಬುದ್ಧಿ ಹೇಳಿದ್ದರು. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.) ಒಂದೂವರೆ ವರ್ಷ ತಂತಿ ಬಿಗಿಸಿಕೊಂಡೆ. ಅಡ್ಡಾದಿಡ್ಡಿ ನಿಂತಿದ್ದ ಹಲ್ಲುಗಳು ಸಾಲಿಗೆ ಬಂದವು.

ಬಂದದ್ದೇನೋ ನಿಜ. ಆದರೆ ಕೆಳಗಿನ ಸಾಲು ಮೇಲಿನದನ್ನು ದಾಟಿ ಮುಂದೆ ಬಂದು ನಿಂತಿತು. ಎರಡೂ ನೇರ, ಒಂದಕ್ಕೊಂದು ಸಂಬಂಧವಿಲ್ಲ. ಬೇರೆ ಬೇರೆ ಸ್ಕೂಲಿನ ಮಕ್ಕಳನ್ನು ಒಂದೇ ಮೈದಾನದಲ್ಲಿ ನಿಲ್ಲಿಸಿದ ಹಾಗೆ.

ಅವತ್ತೇ ಸಿಟಿ ಬಸ್ಸು ಹತ್ತಿ ಹಲ್ಲಿನ ಆಸ್ಪತ್ರೆಗೆ ಹೋದೆ. "ಏನು ಡಾಕ್ಟ್ರೇ, ರಿಪೇರಿಗೆ ಕೊಟ್ಟ ಮಾಲು ಇನ್ನೂ ಕೆಟ್ಟು ಬಂದಿದೆಯಲ್ಲ?" ಎಂದೆ.

ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ತಪ್ಪು ಇರೋದು ದವಡೇಲಿ. ಹಲ್ಲುಗಳು ಬಾಗಿ ಬಾಗಿ ಇಷ್ಟು ವರ್ಷ ಅದನ್ನ ಮುಚ್ಚಿಟ್ಟಿದ್ವು. ಈಗ ನೆಟ್ಟಗಾಗಿವೆ, ತಪ್ಪು ಕಾಣಿಸ್ತಾ ಇದೆ. ಇನ್ನು ದವಡೆಗೆ ಆಪರೇಷನ್ ಮಾಡಿ ಹಿಂದಕ್ಕೆ ಕೂರಿಸ್ಬೇಕು. ಇದೆಲ್ಲ ಮೊದಲ ದಿನಾನೇ ಹೇಳಿದ್ದೆ. ನೀವು ಓಕೆ ಡಾಕ್ಟರ್ ಅಂದ್ರಿ."

ಅಂದಿದ್ದೆ. ಮೂರು ಸಲ ಅಂದಿದ್ದೆ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಎಂಬುದು ನಿಮಗೆ ಗೊತ್ತು. ಅದಕ್ಕೆ ನಾಚಿಕೆಯೇನಿಲ್ಲ. ಎರಡು ಕೈಯಿಂದ ನಾಲ್ಕು ಲೇತ್ ನಿಲ್ಲಿಸಿದ್ದೇನೆ. ಆದರೆ ಯಾರಾದರೂ ಸರಸರ ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ನನ್ನ ತಲೆ ತಾನಾಗಿ ಆಡುತ್ತದೆ. ಇನ್ನೊಂದು ಸಲ ಹೇಳಿ ಎಂದು ಕೇಳುವುದೆಂದರೆ ನನಗೆ ಅರ್ಥ ಮಾಡಿಕೊಳ್ಳಲು ಆಗಲ್ಲ ಎಂದು ಒಪ್ಪಿಕೊಂಡ ಹಾಗೆ. ಆ "ಆಗಲ್ಲ" ಎಂಬ ಪದ ನನ್ನ ಬಾಯಿಗೆ ಬರುವುದೇ ಇಲ್ಲ. ವರ್ಕ್‌ಶಾಪಿನಲ್ಲಿ ಯಾವ ಗಿರಾಕಿಗೂ ಅದನ್ನು ಹೇಳಿದವನಲ್ಲ.

ತಮಾಷೆ ಏನು ಗೊತ್ತೆ? ಒಂದು ಬೋಲ್ಟು ಮಾಡಬೇಕಾದರೂ ನನಗೆ ಡ್ರಾಯಿಂಗ್ ಬೇಕು. ಡ್ರಾಯಿಂಗ್ ಇಲ್ಲದೆ ಕಬ್ಬಿಣ ಮುಟ್ಟುವುದಿಲ್ಲ. ಸ್ವಂತ ಮುಖವನ್ನು ಮಾತ್ರ ಡ್ರಾಯಿಂಗ್ ಇಲ್ಲದೆ ಕೊಟ್ಟು ಬಂದಿದ್ದೆ.

"ಡಾಕ್ಟ್ರೇ, ಡ್ರಾಯಿಂಗ್ ತೋರಿಸಿ," ಎಂದೆ.

ಅವರ ಹತ್ತಿರ ನಿಜವಾಗಿಯೂ ಇತ್ತು. ನನ್ನ ಮುಖದ ಎಕ್ಸ್‌ರೇ, ಅದರ ಮೇಲೊಂದು ತೆಳು ಕಾಗದ, ಕಾಗದದ ಮೇಲೆ ಪೆನ್ಸಿಲ್ ಗೆರೆ, ಕೋನ, ಅಳತೆ. ಜೀವ ಬಂದಂತಾಯಿತು. ನನ್ನ ಬಾಯಿಯ ಪ್ಲಾಸ್ಟರ್ ಅಚ್ಚನ್ನೂ ತಂದಿಟ್ಟರು. ಅದರ ಕೆಳದವಡೆಯನ್ನು ಗರಗಸದಿಂದ ಕೊಯ್ದು, ಹಿಂದಕ್ಕೆ ಸರಿಸಿ, ಮೇಣ ಹಾಕಿ ಕೂರಿಸಿದ್ದರು. ಜೇಬಿನಿಂದ ವರ್ನಿಯರ್ ತೆಗೆದು ಅಳೆದೆ. ಎಂಟು ಮಿಲಿಮೀಟರ್.

"ಟಾಲರೆನ್ಸ್ ಎಷ್ಟು ಡಾಕ್ಟ್ರೇ? ಹೆಚ್ಚುಕಮ್ಮಿ ಎಷ್ಟು ಆಗ್ಬೋದು?"

"ಒಂದು ಮಿಲಿಮೀಟರ್ ಆಚೀಚೆ."

"ಒಂದು ಮಿಲಿಮೀಟರಾ? ನಮ್ಮಲ್ಲಿ ಅಷ್ಟು ಆದ್ರೆ ಜಾಬ್ ಗುಜರಿಗೆ ಹೋಗುತ್ತೆ."

"ನಿಮ್ಮದು ಕಬ್ಬಿಣ," ಎಂದರು ಡಾಕ್ಟರಮ್ಮ. "ಕೊಯ್ದ ಕಬ್ಬಿಣ ತಾನಾಗೇ ಬೆಳೆದು ಕೂಡ್ಕೊಳ್ಳುತ್ತಾ? ಮೂಳೆ ಕೂಡ್ಕೊಳ್ಳುತ್ತೆ."

ವರ್ನಿಯರನ್ನು ಜೇಬಿಗೆ ಹಾಕಿಕೊಂಡೆ.

ಕೊಯ್ಯುವುದು ದೊಡ್ಡದಲ್ಲವಂತೆ. ಆಮೇಲೆ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದ ಕಟ್ಟುತ್ತಾರೆ. ಆರು ವಾರ. ಬಾಯಿ ತೆರೆಯುವ ಹಾಗಿಲ್ಲ, ಬರೀ ನೀರಾಗಿರುವ ಊಟ, ಅದೂ ಸ್ಟ್ರಾದಲ್ಲಿ. ಕೆಳದುಟಿ ಸ್ವಲ್ಪ ದಿನ ಮರಗಟ್ಟಬಹುದು. ಕೆಲವರಿಗೆ ಹಾಗೆಯೇ ಉಳಿಯುವುದೂ ಉಂಟು. ಬೇಡವೆಂದರೆ ಕ್ಲಿಪ್ ಬಿಚ್ಚಿ ಮನೆಗೆ ಕಳಿಸುತ್ತಾರೆ. ಆದರೆ ಮುಂದಿನ ಹಲ್ಲು ಸೇರದ ನನಗೆ ಅಗಿಯುವ ಲೋಡೆಲ್ಲ ಹಿಂದಿನ ಎರಡು ಹಲ್ಲಿನ ಮೇಲೆ. ಒಂದು ಆಗಲೇ ಸೀಳಿದೆ. ಅವು ಹೋದರೆ ಆಮೇಲೆ ಗಂಜಿಯೇ ಗತಿ, ಜೀವನಪೂರ್ತಿ.

"ಯೋಚನೆ ಮಾಡಿ, ಸೋಮವಾರ ಬಂದು ಹೇಳಿ," ಎಂದರು.

ಮೂವತ್ತೆಂಟು ವರ್ಷ ಈ ದವಡೆಯಲ್ಲಿ ಹೇಗೆ ಬದುಕಿದೆ ಎಂದು ಕೇಳುತ್ತೀರಾ? ಮುದ್ದೆ, ಸ್ವಾಮಿ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೆ? ಸಾರಿನಲ್ಲಿ ಅದ್ದಿ ನುಂಗುವುದು. ಎರಡು ಹೊತ್ತೂ ಮುದ್ದೆ ಉಣ್ಣುವ ಮನೆಯಲ್ಲಿ ಹುಡುಗನ ಹಲ್ಲು ಒಂದಕ್ಕೊಂದು ತಾಗುತ್ತದೋ ಇಲ್ಲವೋ ಯಾರಿಗೆ ಗೊತ್ತಾಗಬೇಕು?

ಬಸವೇಶ್ವರನಗರದ ಮನೆಗೆ ಬಂದು ನನ್ನ ಹೆಂಡತಿ ನಾಗರತ್ನಳಿಗೆ ಆಪರೇಷನ್ ವಿಷಯ ಹೇಳಿದೆ. ಮೂಳೆ ಕೊಯ್ಯುವುದು ಕೇಳಿ ಮುಖ ಸಣ್ಣದು ಮಾಡಿಕೊಂಡಳು. ಆರು ವಾರ ಬಾಯಿ ಕಟ್ಟುವುದು ಕೇಳಿ ನನ್ನನ್ನೇ ನೋಡಿದಳು.

"ಆರು ವಾರ. ನೀವು," ಎಂದಳು.

ಅಷ್ಟೇ. ಅದಕ್ಕಿಂತ ದೊಡ್ಡ ಸವಾಲು ಬೇಕೆ?

ಹೊಸ ಜಾಬ್ ಬಂದರೆ ನಾವು ನೇರವಾಗಿ ಒಳ್ಳೇ ಮಾಲಿಗೆ ಕೈ ಹಾಕುವುದಿಲ್ಲ. ಹಳೇ ತುಂಡೊಂದರ ಮೇಲೆ ಟ್ರಯಲ್ ನೋಡುತ್ತೇವೆ. ಇಲ್ಲಿ ಹಳೇ ತುಂಡು ನಾನೇ. ಗುರುವಾರ, ಶುಕ್ರವಾರ, ಶನಿವಾರ ಹಲ್ಲು ಕಚ್ಚಿಕೊಂಡೇ ಇರುವುದು, ಮಾತಿಲ್ಲ, ಗಟ್ಟಿ ಊಟವಿಲ್ಲ ಎಂದು ಘೋಷಿಸಿದೆ. ಸೋಡಾ ಅಂಗಡಿಯಿಂದ ಸ್ಟ್ರಾ ತಂದೆ. ಮಗಳ ಸ್ಲೇಟು, ಬಳಪ ಎರವಲು ಪಡೆದೆ.

ಗುರುವಾರ ವರ್ಕ್‌ಶಾಪಿನಲ್ಲಿ ಕಷ್ಟವೇ ಆಗಲಿಲ್ಲ. ನಾಲ್ಕು ಮಿಷಿನ್ ಓಡುವ ಜಾಗದಲ್ಲಿ ಮೊದಲಿಂದಲೂ ಕೈಸನ್ನೆಯೇ ಭಾಷೆ. ಮಧ್ಯಾಹ್ನ ಹೆಗ್ಗನಹಳ್ಳಿಯ ಗಿರಾಕಿಯೊಬ್ಬರು ಬಂದರು. ಇಪ್ಪತ್ತು ಪೀಸು ಸಂಜೆಯೊಳಗೆ ಬೇಕಂತೆ. ಬೇರೆ ದಿನವಾಗಿದ್ದರೆ ನಾನು "ಆಯ್ತು ಸಾರ್" ಎಂದು ಹೇಳಿ ಎಲ್ಲರ ಪ್ರಾಣ ತೆಗೆಯುತ್ತಿದ್ದೆ. ಸ್ಲೇಟು ಹುಡುಕುವಷ್ಟರಲ್ಲಿ ಮುನಿರಾಜು ಬಾಯಿಬಿಟ್ಟ.

"ಇವತ್ತು ಆಗಲ್ಲ ಸಾರ್. ನಾಳೆ ಸಂಜೆ ಗ್ಯಾರಂಟಿ."

ಆಗಲ್ಲ. ನನ್ನ ವರ್ಕ್‌ಶಾಪಿನಲ್ಲಿ, ನನ್ನ ಎದುರಿಗೆ. ಶೀಟಿನ ಸೂರು ಕುಸಿಯಬಹುದೆಂದು ಮೇಲೆ ನೋಡಿದೆ.

"ಸರಿ, ನಾಳೇನೇ ಕೊಡಿ," ಎಂದು ಗಿರಾಕಿ ಹೊರಟೇ ಹೋದರು.

"ಏನಣ್ಣಾ ಹಂಗ್ ನೋಡ್ತೀರ? ಆಗಲ್ಲ ಅಂದ್ರೆ ಆಗಲ್ಲ ಅಷ್ಟೇ," ಎಂದು ಮುನಿರಾಜು ಟೀ ಜೊತೆ ಕೋಡುಬಳೆ ಕಚ್ಚಿದ. ನಮ್ಮ ಪಕ್ಕದ ಮನೆ ಸರೋಜಮ್ಮ ಆಗಾಗ ನನ್ನ ಕೈಯಲ್ಲೇ ವರ್ಕ್‌ಶಾಪಿಗೆ ಕಳಿಸುವ ಕೋಡುಬಳೆ. ನಾನು ತಿನ್ನುವುದಿಲ್ಲ. ಇಷ್ಟವಿಲ್ಲ. ಹಾಗಂತ ಎಲ್ಲರಿಗೂ ಹೇಳಿದ್ದೇನೆ.

ಶುಕ್ರವಾರ ಸಂಜೆ ನಾಗರತ್ನ ಅವರೆಕಾಯಿ ಬಿಡಿಸುತ್ತ ಎದುರಿಗೆ ಕೂತಳು. ನಾನು ಸ್ಟ್ರಾದಲ್ಲಿ ರಾಗಿ ಅಂಬಲಿ ಹೀರುತ್ತಿದ್ದೆ.

"ನಾನೇನಾದ್ರೂ ಶುರು ಮಾಡಿದ್ರೆ ಅರ್ಧಕ್ಕೇ ಬಾಯಿ ಹಾಕ್ತೀರಿ," ಎಂದಳು. "ಇವತ್ತು ಪೂರ್ತಿ ಹೇಳ್ತೀನಿ. ಕೇಳಿ."

ಕೇಳದೆ ಏನು ಮಾಡಲಿ?

"ಹೆಣ್ಣು ನೋಡಕ್ಕೆ ಬ್ಯಾಡರಹಳ್ಳಿಗೆ ಬಂದಿದ್ರಲ್ಲ, ಅವತ್ತು ಕೋಡುಬಳೆ ಮಾಡಿದ್ದು ನಾನು. ಬೆಳಿಗ್ಗೆಯಿಂದ ಕೂತು ಹೊಸೆದಿದ್ದೆ. ಎಲ್ರೂ ತಿಂದ್ರು. ನೀವು ತಟ್ಟೆ ಹಿಂದಕ್ಕೆ ತಳ್ಳಿ ಬಾಳೆಹಣ್ಣು ತಗೊಂಡ್ರಿ. ಎಂಥ ಜಂಬದ ಗಂಡಪ್ಪಾ ಅಂದ್ಕೊಂಡೆ. ಆದ್ರೂ ಒಪ್ಕೊಂಡೆ, ಅದು ಬೇರೆ ವಿಷಯ. ಮದುವೆ ಆದ್ಮೇಲೆ ಒಂದ್ಸಲ ಮಾಡಿದೆ. ನಂಗಿಷ್ಟ ಇಲ್ಲ, ಈ ಮನೇಲಿ ಇದನ್ನ ಕರೀಬೇಡ ಅಂದ್ರಿ. ಕರೀಲಿಲ್ಲ. ಹದಿನಾಲ್ಕು ವರ್ಷ ಆಯ್ತು, ಈ ಮನೇಲಿ ಕರೀಲಿಲ್ಲ."

ಇನ್ನೊಂದು ಅವರೆಕಾಯಿ ಬಿಡಿಸಿ ಅಂದಳು: "ಸರೋಜಮ್ಮನ ಮನೇಲಿ ಕರೀತೀನಿ."

ಅಂಬಲಿ ಮೂಗಿಗೆ ಹತ್ತಿತು.

"ಅವರಿಗೆ ಕೋಡುಬಳೆ ಹೊಸೆಯಕ್ಕೇ ಬರಲ್ಲ ಕಣ್ರೀ. ಸ್ಟೌ ಅವರದು, ಹಿಟ್ಟು ನಂದು. ಮುನಿರಾಜು ಅವರಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಈ ಬೀದಿಗೆಲ್ಲ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ದೇ ಇದ್ದಿದ್ದು."

ಹದಿನಾಲ್ಕು ವರ್ಷ ನನ್ನ ಹೆಂಡತಿಯ ಕೋಡುಬಳೆಯನ್ನು ನಾನೇ ಹೊತ್ತು ವರ್ಕ್‌ಶಾಪಿಗೆ ಸಾಗಿಸಿದ್ದೇನೆ.

ಇನ್ನು ನಾನು ಹೇಳಬೇಕಾದ್ದನ್ನು ಹೇಳುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಸ್ನೇಹಿತನ ಮನೆಯಲ್ಲಿ, ನಾಲ್ಕು ಜನರೆದುರು ಕೋಡುಬಳೆ ಕಚ್ಚಲು ಹೋದೆ. ಮುಂದಿನ ಹಲ್ಲಿಗೆ ಸಿಗಲಿಲ್ಲ. ಹಿಂದಕ್ಕೆ ತಳ್ಳಿ ಒತ್ತಿದೆ, ಹಲ್ಲಿನ ಚೂರು ಎದ್ದಿತು. ಅವರೆಲ್ಲ ನಕ್ಕರು. ಅವತ್ತಿನಿಂದ ಕೋಡುಬಳೆ, ಚಕ್ಕುಲಿ, ಜೋಳದ ತೆನೆ, ಕಬ್ಬು ಯಾವುದೂ ನನಗೆ "ಇಷ್ಟವಿಲ್ಲ". ಆಗಲ್ಲ ಎನ್ನುವುದಕ್ಕಿಂತ ಇಷ್ಟವಿಲ್ಲ ಎನ್ನುವುದು ಎಷ್ಟು ಸುಲಭ ನೋಡಿ. ಕ್ಲಿಪ್ ಹಾಕಿಸಿಕೊಂಡಾಗಲೂ ಮನೆಯಲ್ಲಿ ತಲೆನೋವಿಗೆ ಎಂದೇ ಹೇಳಿದ್ದೆ. (ನಿಮಗೂ ಅದನ್ನೇ ಬರೆದಿದ್ದೆ. ಕ್ಷಮಿಸಿ.)

ಮಾತಾಡುವಂತಿದ್ದರೆ ಆಗಲೂ ಏನೋ ಒಂದು ಜಂಬದ ಉತ್ತರ ಕೊಡುತ್ತಿದ್ದೆ. ಕೈಯಲ್ಲಿದ್ದದ್ದು ಬಳಪ. ಬಳಪದಲ್ಲಿ ಜಾಸ್ತಿ ಬರೆಯಲಾಗುವುದಿಲ್ಲ. "ಇಷ್ಟ ಇದೆ. ಕಚ್ಚಕ್ಕೆ ಆಗಲ್ಲ" ಎಂದು ಬರೆದು ಸ್ಲೇಟು ತಿರುಗಿಸಿದೆ.

ನಾಗರತ್ನ ಓದಿದಳು. ಇನ್ನೊಮ್ಮೆ ಓದಿದಳು. ನನ್ನ ಗದ್ದವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆಮೇಲೆ ನಗತೊಡಗಿದಳು. ಮಡಿಲಿನ ಅವರೆಕಾಯೆಲ್ಲ ಚೆಲ್ಲಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

"ಇಷ್ಟು ಹೇಳಕ್ಕೆ ನಿಮಗೆ ಹದಿನಾಲ್ಕು ವರ್ಷ ಬೇಕಾಯ್ತಾ?"

ಹಲ್ಲು ಕಚ್ಚಿಕೊಂಡೇ ನಾನೂ ನಕ್ಕೆ. ಹಾಗೆ ನಗಲು ಬರುತ್ತದೆ. ಬೇಕಿದ್ದರೆ ಮನೆಯಲ್ಲಿ ಪ್ರಯತ್ನಿಸಿ.

ಶನಿವಾರ ನಮ್ಮ ಮನೆಯಲ್ಲೇ ಎಣ್ಣೆ ಕಾಯಿತು. ಇಂಗು, ಒಣಮೆಣಸಿನಕಾಯಿ, ಕೊಬ್ಬರಿಯ ವಾಸನೆ ಬೀದಿಯ ಕೊನೆಯವರೆಗೂ ಹೋಯಿತು. ಮಕ್ಕಳಿಬ್ಬರೂ ಬೆರಳಿಗೆ ಕೋಡುಬಳೆ ಸಿಕ್ಕಿಸಿಕೊಂಡು ಓಡಾಡಿದರು. ಸರೋಜಮ್ಮ ಬಾಗಿಲಲ್ಲಿ ನಿಂತು, "ಏನ್ ರತ್ನ, ನಮ್ಮ ಸ್ಟೌ ಬೇಡವಾಯ್ತಾ? ನಾಳೆಯಿಂದ ನಮ್ಮನೇಲಿ ಟೀವಿ ನೋಡಕ್ಕೂ ಬರಬ್ಯಾಡ ಬಿಡು," ಎಂದು ಹೇಳಿ ಆರು ಕೋಡುಬಳೆ ತೆಗೆದುಕೊಂಡು ಹೋದರು.

ನನ್ನ ಟ್ರಯಲ್ ಮುಗಿಯಲು ಇನ್ನೂ ಅರ್ಧ ದಿನವಿತ್ತು. ಮಧ್ಯದಲ್ಲಿ ಬಿಡುವ ಜಾಯಮಾನ ನನ್ನದಲ್ಲ. ನಾಗರತ್ನ ನಾಲ್ಕು ಕೋಡುಬಳೆಯನ್ನು ಒರಳಿಗೆ ಹಾಕಿ ನುಣ್ಣಗೆ ಕುಟ್ಟಿ, ಜರಡಿ ಹಿಡಿದು, ಮಜ್ಜಿಗೆಯಲ್ಲಿ ಕದಡಿ, ಲೋಟಕ್ಕೆ ಸ್ಟ್ರಾ ಹಾಕಿ ಮುಂದಿಟ್ಟಳು. ಕೋಡುಬಳೆಯನ್ನು ಕುಡಿದ ಮೊದಲ ಮನುಷ್ಯ ನಾನೇ ಇರಬೇಕು. ಚೆನ್ನಾಗಿತ್ತು. ಎರಡು ಲೋಟ ಕುಡಿದೆ.

ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ಹೆದರಿಕೆ ಇರಲಿಲ್ಲ ಎಂದು ಬರೆಯಲಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆಳದುಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಡಾಕ್ಟರಮ್ಮ ಆಪರೇಷನ್ ಬಗ್ಗೆ ಮತ್ತೆ ಇಂಗ್ಲಿಷ್‌ನಲ್ಲಿ ಶುರು ಮಾಡಿದರು. ನನ್ನ ತಲೆ ಆಡಲು ಹೊರಟಿತು. ಹಿಡಿದು ನಿಲ್ಲಿಸಿದೆ.

"ಡಾಕ್ಟ್ರೇ, ಅದು ನನಗೆ ಅರ್ಥ ಆಗಲ್ಲ. ಕನ್ನಡದಲ್ಲಿ ಇನ್ನೊಂದ್ಸಲ ಹೇಳಿ."

ಹೇಳಿದರು. ನಿಧಾನವಾಗಿ, ಎರಡು ಸಲ. ಯಾವ ಸೂರೂ ಕುಸಿಯಲಿಲ್ಲ. ಎಲ್ಲವನ್ನೂ ಕೇಳಿ, "ಮಾಡಿಸ್ತೀನಿ, ಡೇಟ್ ಕೊಡಿ," ಎಂದೆ.

ಅವರು ಒಂದು ಹಾಳೆ ತೆಗೆದರು. "ಆಪರೇಷನ್ ಯಾಕೆ ಬೇಕು ಅಂತ ಪೇಷಂಟ್ ಮಾತಲ್ಲೇ ಬರೀಬೇಕು. ಮುಖ ಚೆನ್ನಾಗಿ ಕಾಣ್ಲಿ ಅಂತಲಾ?"

"ಮುಖ ನನಗೆ ಅಭ್ಯಾಸ ಆಗೋಗಿದೆ ಡಾಕ್ಟ್ರಮ್ಮ," ಎಂದಳು ನಾಗರತ್ನ.

ನಾನು ಗಂಟಲು ಸರಿಮಾಡಿಕೊಂಡೆ. "ಕೋಡುಬಳೆ ಕಚ್ಚಕ್ಕೆ ಆಗಲ್ಲ. ಅದಕ್ಕೆ."

ಡಾಕ್ಟರಮ್ಮ ನನ್ನನ್ನು ನೋಡಿದರು, ನಾಗರತ್ನಳನ್ನು ನೋಡಿದರು, ಬಗ್ಗಿ ಬರೆಯತೊಡಗಿದರು. ಎರಡು ಸಾಲು ಇಂಗ್ಲಿಷ್. ನಾನು ಕುತ್ತಿಗೆ ಚಾಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸುತ್ತ ಇದ್ದ ದೊಡ್ಡ ದೊಡ್ಡ ಪದಗಳು ಒಂದೂ ತಿಳಿಯಲಿಲ್ಲ. ನಡುವೆ ಒಂದು ಪದ ಮಾತ್ರ ಸ್ಪಷ್ಟವಾಗಿತ್ತು. ಕೋಡುಬಳೆ.

ನೀವೇ ಹೇಳಿ, ಇಷ್ಟು ಕ್ಲಿಯರ್ ಆದ ಡ್ರಾಯಿಂಗ್ ಕಣ್ಣೆದುರು ಬಂದ ಮೇಲೆ ಯಾವ ಟರ್ನರ್ ತಾನೇ ಈ ಜಾಬ್ ಬೇಡ ಅಂತಾನೆ?